ದೊಡ್ಡ ತಳಿಯ ನಾಯಿಮರಿಗಳಲ್ಲಿ ಆನುವಂಶಿಕ ರೋಗನಿರೋಧಕ ಕೊರತೆ

ತಂದೆ ತಾಯಿಯಿಂದ ಬಂದ ಜೀನ್ ದೋಷದ ಕಾರಣ ಸೋಂಕನ್ನು ಎದುರಿಸುವ ಶಕ್ತಿ ಹುಟ್ಟಿನಿಂದಲೇ ಪೂರ್ತಿಯಾಗಿ ಅಥವಾ ಭಾಗಶಃ ಇಲ್ಲದಿರುವ ಸ್ಥಿತಿಯನ್ನು ಆನುವಂಶಿಕ ರೋಗನಿರೋಧಕ ಕೊರತೆ ಎನ್ನುತ್ತಾರೆ. ಜರ್ಮನ್ ಶೆಫರ್ಡ್, ರಾಟ್‌ವೀಲರ್, ಡಾಬರ್‌ಮನ್, ವೈಮರಾನರ್, ಐರಿಷ್ ಸೆಟ್ಟರ್ ಮುಂತಾದ ದೊಡ್ಡ ತಳಿಗಳ ಮರಿಗಳಲ್ಲಿ ಇದು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ಪದೇಪದೇ ಬರುವ ಜ್ವರ, ಚರ್ಮದ ಕೀವು, ನ್ಯುಮೋನಿಯಾ, ನಿಲ್ಲದ ಭೇದಿ, ಕುಂಠಿತ ಬೆಳವಣಿಗೆ ಇದರ ಮುಖ್ಯ ಲಕ್ಷಣಗಳು. ಈ ಗುಂಪಿನ ರೋಗಗಳು ಒಂದೊಂದೂ ಅಪರೂಪ. ಆದರೆ ಗುರುತಿಸದೆ ಬಿಟ್ಟರೆ ಮರಿಯೊಂದೇ ಸಾಯುವುದಿಲ್ಲ, ದೋಷ ಮುಂದಿನ ಸೂಲುಗಳಿಗೂ ದಾಟುತ್ತದೆ.

ಪರಿಭಾಷೆ

ಜೀನ್ ದೋಷದಿಂದ ಬರುವ ಕೊರತೆಗೆ ಪ್ರಾಥಮಿಕ ಕೊರತೆ ಎಂದೂ ವೈರಸ್, ಉಣ್ಣೆ ಜ್ವರ, ಜಂತುಹುಳು, ಅಪೌಷ್ಟಿಕತೆ ಅಥವಾ ಔಷಧದಿಂದ ಬರುವ ಕೊರತೆಗೆ ದ್ವಿತೀಯಕ ಕೊರತೆ ಎಂದೂ ಹೆಸರು. ಹಳೆ ಮೈಸೂರು ಸೀಮೆಯ ಪಶು ಆಸ್ಪತ್ರೆಗಳಿಗೆ ಸೋಂಕು ಹಿಡಿದು ಬರುವ ಮರಿಗಳಲ್ಲಿ ಹೆಚ್ಚಿನವು ಎರಡನೆಯ ಗುಂಪಿನವು. ಆನುವಂಶಿಕ ದೋಷವನ್ನು ಶಂಕಿಸುವುದಕ್ಕೆ ಮೊದಲು ದ್ವಿತೀಯಕ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ದೇಹ ತನ್ನ ಅಂಗಾಂಶವನ್ನೇ ಹಗೆಯೆಂದು ಬಗೆದು ದಾಳಿ ಮಾಡುವ ಸ್ವಪ್ರತಿರಕ್ಷಾ ರೋಗಗಳಲ್ಲೂ ತಳಿಯ ಪ್ರಭಾವ ಇದೆಯಾದರೂ ಅವು ಬಹುಮಟ್ಟಿಗೆ ಬೆಳೆದ ನಾಯಿಗಳ ರೋಗಗಳಾದ್ದರಿಂದ ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.

ಹಿನ್ನೆಲೆ

ಮನುಷ್ಯರಲ್ಲಿ ಇಂಥ ಕೊರತೆಯನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವರು ಅಮೆರಿಕದ ವೈದ್ಯ ಆಗ್ಡನ್ ಬ್ರೂಟನ್. 1952ರಲ್ಲಿ ಅವರು ರಕ್ತದಲ್ಲಿ ಪ್ರತಿಕಾಯಗಳೇ ಇಲ್ಲದ ಬಾಲಕನೊಬ್ಬನ ವಿಷಯವನ್ನು ಪ್ರಕಟಿಸಿದರು. ಬೂದು ಬಣ್ಣದ ಕೋಲಿ ಮರಿಗಳಲ್ಲಿ ಬಿಳಿ ರಕ್ತಕಣ ನಿಯತ ಅವಧಿಗೊಮ್ಮೆ ಕುಸಿಯುವುದು 1960ರ ದಶಕದಲ್ಲಿಯೂ ಐರಿಷ್ ಸೆಟ್ಟರ್ ಮರಿಗಳ ಬಿಳಿ ರಕ್ತಕಣಗಳ ದೋಷ 1970ರ ದಶಕದಲ್ಲಿಯೂ ವರದಿಯಾದವು. ಬ್ಯಾಸೆಟ್ ಹೌಂಡ್ ತಳಿಯ ತೀವ್ರ ಸಂಯುಕ್ತ ಕೊರತೆಗೆ ಕಾರಣವಾದ ಜೀನ್ ದೋಷ 1994ರಲ್ಲಿ, ಐರಿಷ್ ಸೆಟ್ಟರ್ ತಳಿಯದು 1999ರಲ್ಲಿ ಪತ್ತೆಯಾಯಿತು. ನಾಯಿಯ ಪೂರ್ಣ ಜೀನ್ ನಕ್ಷೆ 2005ರಲ್ಲಿ ಪ್ರಕಟವಾದ ಮೇಲೆ ಇಂಥ ಹುಡುಕಾಟ ಸುಲಭವಾಯಿತು. ನಾಯಿಗಳ ಮೇಲೆ ನಡೆದ ಮಜ್ಜೆ ಕಸಿ ಮತ್ತು ಜೀನ್ ಚಿಕಿತ್ಸೆಯ ಪ್ರಯೋಗಗಳಿಂದ ಅದೇ ರೋಗವಿರುವ ಮಕ್ಕಳ ಚಿಕಿತ್ಸೆಗೂ ದಾರಿಯಾಯಿತು.

ಮರಿಯ ರಕ್ಷಣಾ ವ್ಯವಸ್ಥೆ

ನಾಯಿಯಲ್ಲಿ ಮಾಸದ ಮೂಲಕ ಗರ್ಭದ ಮರಿಗೆ ಸೇರುವ ಪ್ರತಿಕಾಯ ತೀರಾ ಕಡಿಮೆ, ಸುಮಾರು ಶೇ. 5ರಿಂದ 10 ಮಾತ್ರ. ಉಳಿದದ್ದೆಲ್ಲ ಗಿಣ್ಣು ಹಾಲಿನಿಂದ ಬರಬೇಕು. ಮರಿಯ ಕರುಳು ಆ ಪ್ರತಿಕಾಯಗಳನ್ನು ಹಾಗೆಯೇ ಹೀರಿಕೊಳ್ಳುವುದು ಹುಟ್ಟಿದ ಮೊದಲ ದಿನ ಮಾತ್ರ. 24 ಗಂಟೆ ಕಳೆದರೆ ಆ ದಾರಿ ಮುಚ್ಚುತ್ತದೆ. ದೊಡ್ಡ ತಳಿಗಳಲ್ಲಿ ಒಂದು ಸೂಲಿಗೆ ಎಂಟು ಹತ್ತು ಮರಿ ಹುಟ್ಟುವುದು ಸಾಮಾನ್ಯ. ಅವುಗಳಲ್ಲಿ ಸೊರಗಿದ ಮರಿ ಮೊಲೆ ಸಿಗದೆ ಹಿಂದೆ ಬಿದ್ದರೆ ಅದರ ಕೊರತೆ ಜೀನಿನದಲ್ಲ, ಗಿಣ್ಣಿನದು. ಹುಟ್ಟಿದ ದಿನವೇ ಒಂದೊಂದು ಮರಿಯನ್ನೂ ಹಿಡಿದು ಮೊಲೆಗೆ ಹಚ್ಚಿದರೆ ಈ ತೊಂದರೆ ತಪ್ಪುತ್ತದೆ.

ತಾಯಿಯಿಂದ ಬಂದ ಪ್ರತಿಕಾಯಗಳು 6ನೇ ವಾರದಿಂದ 16ನೇ ವಾರದೊಳಗೆ ಕರಗಿಹೋಗುತ್ತವೆ. ಆನುವಂಶಿಕ ಕೊರತೆಯ ಮರಿಗಳು ಮೊದಲ ತಿಂಗಳು ಚೆನ್ನಾಗಿಯೇ ಇದ್ದು, ಎರಡನೆಯ ಮೂರನೆಯ ತಿಂಗಳಲ್ಲಿ ಬೀಳುವುದು ಇದರಿಂದಲೇ. ಆ ವೇಳೆಗೆ ಮರಿ ಮಾರಾಟವಾಗಿ ಹೊಸ ಮನೆಗೆ ಸೇರಿರುತ್ತದೆ. ಹೊಸ ಜಾಗ ಒಗ್ಗಲಿಲ್ಲವೆಂದೋ ಊಟ ಬದಲಾಯಿತೆಂದೋ ರೋಗದ ಗುರುತು ಮರೆಯಾಗುತ್ತದೆ.

ಮರಿ ಸ್ವತಃ ಕಟ್ಟಿಕೊಳ್ಳಬೇಕಾದ ರಕ್ಷಣೆ ನಾಲ್ಕು ಭಾಗಗಳದ್ದು: ಪ್ರತಿಕಾಯ ತಯಾರಿಸುವ ಬಿ ಲಿಂಫೋಸೈಟ್‌ಗಳು, ಅವನ್ನು ನಡೆಸುವ ಮತ್ತು ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವ ಟಿ ಲಿಂಫೋಸೈಟ್‌ಗಳು, ಬ್ಯಾಕ್ಟೀರಿಯಾಗಳನ್ನು ನುಂಗುವ ನ್ಯೂಟ್ರೋಫಿಲ್‌ಗಳು ಹಾಗೂ ರಕ್ತದಲ್ಲಿರುವ ಪೂರಕ ಪ್ರೋಟೀನುಗಳು. ಪ್ರತಿಕಾಯಗಳಲ್ಲಿ ಐಜಿಜಿ ಮತ್ತು ಐಜಿಎಂ ರಕ್ತವನ್ನು ಕಾಯುತ್ತವೆ. ಐಜಿಎ ಕರುಳು, ಶ್ವಾಸನಾಳಗಳ ಒಳಪದರವನ್ನು ಕಾಯುತ್ತದೆ. ಕೆಟ್ಟ ಭಾಗ ಯಾವುದೆಂಬುದರ ಮೇಲೆ ಬರುವ ಸೋಂಕಿನ ಬಗೆ ನಿಲ್ಲುತ್ತದೆ.

ಬಗೆಗಳು

ತೀವ್ರ ಸಂಯುಕ್ತ ಕೊರತೆ: ಟಿ ಮತ್ತು ಬಿ ಎರಡೂ ಬಗೆಯ ಲಿಂಫೋಸೈಟ್‌ಗಳ ಕೆಲಸ ನಿಂತುಹೋಗುವ ಅತಿ ಘೋರ ರೂಪ ಇದು. ಚೆನ್ನಾಗಿ ಅಧ್ಯಯನವಾಗಿರುವುದು ಬ್ಯಾಸೆಟ್ ಹೌಂಡ್ ಮತ್ತು ಕಾರ್ಡಿಗನ್ ವೆಲ್ಷ್ ಕಾರ್ಗಿಗಳಲ್ಲಿ. ಇವು ದೊಡ್ಡ ತಳಿಗಳಲ್ಲದಿದ್ದರೂ ಉಳಿದ ಕೊರತೆಗಳನ್ನು ಅಳೆಯುವ ಮಾದರಿ ಈ ರೋಗವೇ. ಮರಿ 6ರಿಂದ 8 ವಾರಕ್ಕೆ ಸೊರಗತೊಡಗುತ್ತದೆ, ಲಿಂಫ್ ಗ್ರಂಥಿಗಳು ಕೈಗೆ ಸಿಗುವುದೇ ಇಲ್ಲ, ಬಹುತೇಕ ಮರಿಗಳು ನಾಲ್ಕು ತಿಂಗಳೊಳಗೆ ಸಾಯುತ್ತವೆ. ದೋಷ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ರೋಗ ಬರುವುದು ಗಂಡು ಮರಿಗಳಿಗೆ.

ಬಿಳಿ ರಕ್ತಕಣಗಳ ಅಂಟಿಕೊಳ್ಳುವಿಕೆಯ ಕೊರತೆ: ನ್ಯೂಟ್ರೋಫಿಲ್‌ಗಳು ರಕ್ತನಾಳದ ಗೋಡೆಗೆ ಅಂಟಿ ಹೊರಬಂದರೆ ಮಾತ್ರ ಸೋಂಕಿನ ಜಾಗ ತಲುಪಬಲ್ಲವು. ಐರಿಷ್ ಸೆಟ್ಟರ್ ಮತ್ತು ಐರಿಷ್ ರೆಡ್ ಅಂಡ್ ವೈಟ್ ಸೆಟ್ಟರ್‌ಗಳಲ್ಲಿ ಐಟಿಜಿಬಿ2 ಜೀನಿನ ದೋಷದಿಂದ ಈ ಅಂಟಿಕೊಳ್ಳುವಿಕೆ ನಡೆಯುವುದಿಲ್ಲ. ರಕ್ತದಲ್ಲಿ ಬಿಳಿ ಕಣಗಳ ಎಣಿಕೆ ಸಾಮಾನ್ಯದ ಮೇಲ್ಮಿತಿಯ ಹಲವು ಪಟ್ಟು ಏರಿರುತ್ತದೆ, ಆದರೆ ಗಾಯದಲ್ಲಿ ಕೀವೇ ಇರುವುದಿಲ್ಲ. ಹೊಕ್ಕುಳ ಸೋಂಕು, ಒಸಡಿನ ಊತ, ಮೂಳೆಯ ಸೋಂಕು, ಮಾಯದ ಗಾಯ ಇದರ ಗುರುತು. ಜರ್ಮನ್ ಶೆಫರ್ಡ್‌ಗಳಲ್ಲಿ ಎಫ್‌ಇಆರ್‌ಎಂಟಿ3 ಎಂಬ ಬೇರೊಂದು ಜೀನ್ ಕೆಟ್ಟು ಇದರ ಮೂರನೆಯ ಪ್ರರೂಪ ಬರುತ್ತದೆ. ಅದರಲ್ಲಿ ಪ್ಲೇಟ್‌ಲೆಟ್‌ಗಳೂ ಕೆಲಸ ಮಾಡದ ಕಾರಣ ಸೋಂಕಿನ ಜೊತೆಗೆ ರಕ್ತಸ್ರಾವವೂ ಇರುತ್ತದೆ.

ಐಜಿಎ ಕೊರತೆ: ಜರ್ಮನ್ ಶೆಫರ್ಡ್ ಮತ್ತು ಶಾರ್‌ಪೈ ತಳಿಗಳಲ್ಲಿ ಕಾಣುತ್ತದೆ. ರಾಮನಗರ ಸೀಮೆಯ ತೋಟದ ಮನೆಗಳಲ್ಲೂ ಪೊಲೀಸ್ ಶ್ವಾನದಳಗಳಲ್ಲೂ ಸಾಕುವ ದೊಡ್ಡ ತಳಿಗಳ ಪೈಕಿ ಜರ್ಮನ್ ಶೆಫರ್ಡ್ ಮುಖ್ಯವಾದುದರಿಂದ ಇಲ್ಲಿ ಹೆಚ್ಚು ಗಮನ ಕೊಡಬೇಕಾದ ಬಗೆ ಇದು. ಕೊರತೆ ಪೂರ್ಣವಲ್ಲ, ಸಾಪೇಕ್ಷ. ಕಾರಣ ಒಂದೇ ಜೀನ್ ಅಲ್ಲ. ದೀರ್ಘಕಾಲದ ಭೇದಿ, ಸಣ್ಣಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಅತಿಬೆಳವಣಿಗೆ, ಚರ್ಮದ ಆಳದ ಕೀವು ಇದರೊಂದಿಗೆ ಬರುತ್ತವೆ. ಇದೇ ತಳಿಯಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರ ಮೂಳೆ, ಮೂತ್ರಪಿಂಡ, ಬೆನ್ನುಮೂಳೆಯ ಬಿಲ್ಲೆಗಳಿಗೆ ಹರಡುವ ಅಪರೂಪದ ರೋಗವೂ ಉಂಟು. ಎಚ್ಚರಿಕೆಯ ಮಾತೊಂದಿದೆ: ಆರೋಗ್ಯವಂತ ಮರಿಗಳಲ್ಲೂ ಐಜಿಎ ಪ್ರಮಾಣ ಬೆಳೆದ ನಾಯಿಯ ಮಟ್ಟಕ್ಕೆ ಬರುವುದು ಒಂದು ವರ್ಷದ ಸುಮಾರಿಗೆ. ಅದಕ್ಕೂ ಮೊದಲು ಮಾಡಿಸಿದ ಒಂದೇ ಪರೀಕ್ಷೆಯನ್ನು ನಂಬಿ ಮರಿಗೆ ಕೊರತೆಯ ಹಣೆಪಟ್ಟಿ ಅಂಟಿಸುವುದು ತಪ್ಪು.

ವೈಮರಾನರ್ ತಳಿಯ ಕೊರತೆ: ಸುಮಾರು ಮೂರು ತಿಂಗಳ ವಯಸ್ಸಿನಲ್ಲಿ, ಕೆಲವೊಮ್ಮೆ ಲಸಿಕೆ ಹಾಕಿಸಿದ ಕೆಲವೇ ದಿನಗಳಲ್ಲಿ, ಜೋರು ಜ್ವರ ಬಂದು ಕಾಲಿನ ಮೂಳೆಗಳ ತುದಿ ಬಿಸಿಯಾಗಿ ಊದಿಕೊಳ್ಳುತ್ತದೆ, ಮರಿ ಎದ್ದು ನಿಲ್ಲಲು ಒಪ್ಪುವುದಿಲ್ಲ. ರಕ್ತದಲ್ಲಿ ಐಜಿಜಿ ಕಡಿಮೆ ಇರುತ್ತದೆ. ಮೂಳೆಯ ಈ ಊತವನ್ನು ಹೈಪರ್‌ಟ್ರೋಫಿಕ್ ಆಸ್ಟಿಯೋಡಿಸ್ಟ್ರಫಿ ಎನ್ನುತ್ತಾರೆ. ಗ್ರೇಟ್ ಡೇನ್ ಮರಿಗಳಲ್ಲೂ ಇದು ಬರುತ್ತದೆಯಾದರೂ ಅಲ್ಲಿ ಪ್ರತಿಕಾಯದ ಕೊರತೆ ಜೊತೆಗಿರಲೇಬೇಕೆಂದಿಲ್ಲ.

ಇತರೆ: ಕೋಲಿಗಳ ಆವರ್ತಕ ನ್ಯೂಟ್ರೋಫಿಲ್ ಕುಸಿತದಲ್ಲಿ ಸುಮಾರು 10ರಿಂದ 14 ದಿನಕ್ಕೊಮ್ಮೆ ಎಣಿಕೆ ಬಿದ್ದು, ಕೆಲವು ದಿನ ಜ್ವರ ಬಂದು, ತಾನಾಗಿ ಏರುತ್ತದೆ, ಇದಕ್ಕೆ ಕಾರಣ ಎಪಿ3ಬಿ1 ಜೀನ್. ಡಾಬರ್‌ಮನ್‌ಗಳ ಒಂದು ವಂಶದಲ್ಲಿ ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾವನ್ನು ನುಂಗಿಯೂ ಕೊಲ್ಲಲಾರದ ದೋಷ ವರದಿಯಾಗಿದೆ. ಐರಿಷ್ ವುಲ್ಫ್‌ಹೌಂಡ್‌ಗಳಲ್ಲಿ ಎಳವೆಯಿಂದಲೇ ಸುರಿವ ಮೂಗು ಮತ್ತು ಮರುಕಳಿಸುವ ನ್ಯುಮೋನಿಯಾ ಕುಟುಂಬದಲ್ಲಿ ಹರಿದು ಬರುತ್ತದೆ. ರಾಟ್‌ವೀಲರ್ ಮತ್ತು ಡಾಬರ್‌ಮನ್ ಮರಿಗಳಿಗೆ ಪಾರ್ವೋ ವೈರಸ್ ತಗುಲುವ ಅಪಾಯ ಬೇರೆ ತಳಿಗಳಿಗಿಂತ ಹೆಚ್ಚೆಂಬುದು ಬಹುಕಾಲದ ಅನುಭವ. ಎಳೆ ಮರಿಗಳ ಮೈಯೆಲ್ಲ ಹರಡುವ ಡೆಮೊಡೆಕ್ಸ್ ಕಜ್ಜಿಯನ್ನೂ ಇಲ್ಲೇ ಹೇಳಬೇಕು. ಈ ನುಸಿ ಬಹುತೇಕ ಎಲ್ಲ ನಾಯಿಗಳ ಕೂದಲ ಬುಡದಲ್ಲಿ ಇರುತ್ತದೆ. ಟಿ ಕೋಶಗಳ ಹಿಡಿತ ಸಡಿಲವಾದ ಮರಿಯಲ್ಲಿ ಮಾತ್ರ ಮಿತಿಮೀರುತ್ತದೆ. ಆ ಸಡಿಲತೆ ವಂಶದಲ್ಲಿ ಹರಿಯುತ್ತದೆ.

ಗುರುತಿಸುವ ಬಗೆ

ಒಂದು ಸಲ ಬಂದು ಹೋದ ಸೋಂಕು ಕೊರತೆಯ ಗುರುತಲ್ಲ. ಔಷಧ ನಿಲ್ಲಿಸಿದೊಡನೆ ಅದೇ ಸೋಂಕು ಮರಳುವುದು, ಒಂದೇ ಸೂಲಿನ ಎರಡು ಮೂರು ಮರಿಗಳಲ್ಲಿ ಅದೇ ತೊಂದರೆ ಕಾಣುವುದು, ಆರೋಗ್ಯವಂತ ನಾಯಿಗೆ ಏನೂ ಮಾಡದ ಸೂಕ್ಷ್ಮಜೀವಿಯಿಂದ ಮರಿ ನೆಲಹಿಡಿಯುವುದು, ಜೀವಂತ ವೈರಸ್ಸಿನ ಲಸಿಕೆಯಿಂದಲೇ ಡಿಸ್ಟೆಂಪರ್‌ನಂಥ ರೋಗ ಬರುವುದು, ಒಡಹುಟ್ಟಿದ ಮರಿಗಳಿಗಿಂತ ತೂಕ ಹಿಂದೆ ಬೀಳುವುದು ಶಂಕೆಗೆ ಆಧಾರ. ಮರಿಯ ಸಾಮಾನ್ಯ ಮೈಬಿಸಿ 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಮೂಗು ಒಣಗಿದ್ದನ್ನು ನೋಡಿ ಜ್ವರ ನಿರ್ಧರಿಸಲಾಗದು, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟೇ ನೋಡಬೇಕು. ತೂಕ, ಮೈಬಿಸಿ, ಮಲದ ಸ್ಥಿತಿ, ಕೊಟ್ಟ ಔಷಧ ಇವನ್ನು ತಾರೀಖು ಹಾಕಿ ಬರೆದಿಟ್ಟ ಪುಸ್ತಕ ರೋಗನಿರ್ಣಯಕ್ಕೆ ದೊಡ್ಡ ಸಹಾಯ. ಆವರ್ತಕ ಕುಸಿತದಂಥ ರೋಗ ಬಯಲಾಗುವುದೇ ಅದರಿಂದ.

ದ್ವಿತೀಯಕ ಕಾರಣಗಳಲ್ಲಿ ರಾಮನಗರ ಸೀಮೆಯಲ್ಲಿ ಮೊದಲು ನೋಡಬೇಕಾದದ್ದು ಉಣ್ಣೆ. ಕಂದು ಉಣ್ಣೆಯಿಂದ ಹರಡುವ ಎರ್ಲಿಕಿಯಾ ಕ್ಯಾನಿಸ್ ಸೋಂಕಿನಲ್ಲಿ ಪ್ಲೇಟ್‌ಲೆಟ್ ಮತ್ತು ಬಿಳಿ ಕಣ ಎರಡೂ ಕುಸಿಯುತ್ತವೆ. ಜರ್ಮನ್ ಶೆಫರ್ಡ್‌ಗಳಲ್ಲಿ ಈ ರೋಗ ಬೇರೆ ತಳಿಗಳಿಗಿಂತ ಉಗ್ರ. ಬಬೇಸಿಯಾ ಗಿಬ್ಸೋನಿ ಕೆಂಪು ಕಣಗಳನ್ನು ಒಡೆದು ಮರಿಯನ್ನು ಬಿಳಿಚಿಸುತ್ತದೆ. ಪಾರ್ವೋ ಮತ್ತು ಡಿಸ್ಟೆಂಪರ್ ಎರಡರಲ್ಲೂ ಲಿಂಫೋಸೈಟ್ ಎಣಿಕೆ ಇಳಿದು ಆನುವಂಶಿಕ ಕೊರತೆಯಂತೆಯೇ ತೋರುತ್ತದೆ. ಕೊಕ್ಕೆಹುಳು, ದುಂಡುಹುಳುಗಳ ಹೊರೆಯೂ ಬರಿಯ ಮುದ್ದೆ ಸಾರು, ಹಾಲನ್ನ ತಿಂದು ಬೆಳೆಯುವ ದೊಡ್ಡ ತಳಿಯ ಮರಿಗೆ ಆಗುವ ಪ್ರೋಟೀನ್ ಕೊರತೆಯೂ ಇದೇ ಸಾಲಿಗೆ ಸೇರುತ್ತವೆ. ಗೋಲ್ಡನ್ ರಿಟ್ರೀವರ್ ಮರಿಗಳ ಮುಖ ಊದಿ ಗಂಟಲ ಗ್ರಂಥಿಗಳು ಕೀವುಗಟ್ಟುವ ಜುವೆನೈಲ್ ಸೆಲ್ಯುಲೈಟಿಸ್ ನೋಡಲು ಸೋಂಕಿನಂತಿದ್ದರೂ ಸ್ಟೀರಾಯ್ಡ್‌ಗೆ ಮಣಿಯುವ ಉರಿಯೂತ.

ಪರೀಕ್ಷೆಗಳು

ಮೊದಲ ಹಂತದ ಪರೀಕ್ಷೆಗಳು ದುಬಾರಿಯಲ್ಲ: ಬಿಳಿ ಕಣಗಳ ಬಗೆವಾರು ಎಣಿಕೆಯೂ ಸೇರಿದ ಪೂರ್ಣ ರಕ್ತಪರೀಕ್ಷೆ, ಉಣ್ಣೆ ಜ್ವರಕ್ಕೆ ರಕ್ತಲೇಪ, ಮಲಪರೀಕ್ಷೆ, ಪಾರ್ವೋ ಕಿಟ್, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ನಾಯಿಯ ಬಿಳಿ ಕಣಗಳ ಸಾಮಾನ್ಯ ಎಣಿಕೆ ಒಂದು ಮೈಕ್ರೋಲೀಟರಿಗೆ ಸುಮಾರು 6,000ದಿಂದ 17,000. ಎಳೆ ಮರಿಗಳಲ್ಲಿ ಲಿಂಫೋಸೈಟ್ ಬೆಳೆದ ನಾಯಿಗಿಂತ ಹೆಚ್ಚಿರಬೇಕು. ಅದು 1,000ಕ್ಕಿಂತ ಕೆಳಗಿದ್ದು ಎರಡು ಮೂರು ವಾರಗಳ ನಂತರವೂ ಏರದಿದ್ದರೆ ಮುಂದಿನ ಹಂತಕ್ಕೆ ಹೋಗಬೇಕು. ಸೀರಂ ಪರೀಕ್ಷೆಯಲ್ಲಿ ಗ್ಲಾಬ್ಯುಲಿನ್ ತೀರಾ ಇಳಿದಿದ್ದರೆ ಪ್ರತಿಕಾಯದ ಕೊರತೆಯ ಸುಳಿವು ಅಲ್ಲೇ ಸಿಗುತ್ತದೆ. ಸಾಮಾನ್ಯ ರಕ್ತಪರೀಕ್ಷೆಯ ವರದಿಯಲ್ಲಿ ಇದ್ದೂ ಯಾರೂ ಓದದೆ ಬಿಡುವ ಅಂಕಿ ಇದು.

ಎರಡನೆಯ ಹಂತದಲ್ಲಿ ಐಜಿಜಿ, ಐಜಿಎಂ, ಐಜಿಎಗಳ ಪ್ರತ್ಯೇಕ ಅಳತೆ, ಫ್ಲೋ ಸೈಟೋಮೆಟ್ರಿಯಿಂದ ಟಿ ಮತ್ತು ಬಿ ಕೋಶಗಳ ಎಣಿಕೆ, ಸತ್ತ ಮರಿಯಿದ್ದರೆ ಥೈಮಸ್ ಮತ್ತು ಲಿಂಫ್ ಗ್ರಂಥಿಗಳ ಅಂಗಾಂಶ ಪರೀಕ್ಷೆ ಬರುತ್ತವೆ. ಮರಿ ಸತ್ತಾಗ ಹೂಳುವ ಮೊದಲು ಶವಪರೀಕ್ಷೆ ಮಾಡಿಸುವುದು ಉಳಿದ ಮರಿಗಳ ಪಾಲಿಗೆ ಜೀವದಾನವಾಗಬಲ್ಲದು. ದೋಷದ ಜೀನ್ ಗೊತ್ತಿರುವ ತಳಿಗಳಲ್ಲಿ ಕೆನ್ನೆಯ ಒಳಭಾಗದ ಲೇಪ ಅಥವಾ ರಕ್ತದ ಹನಿಯಿಂದ ಡಿಎನ್‌ಎ ಪರೀಕ್ಷೆ ಮಾಡಿ ರೋಗಿ, ವಾಹಕ (ದೋಷ ಹೊತ್ತಿದ್ದರೂ ರೋಗವಿಲ್ಲದ್ದು), ದೋಷಮುಕ್ತ ಎಂದು ಖಚಿತವಾಗಿ ವಿಂಗಡಿಸಬಹುದು.

ಚಿಕಿತ್ಸೆ

ಮೂಲ ದೋಷವನ್ನು ಸರಿಪಡಿಸುವ ಮಜ್ಜೆ ಕಸಿ, ಜೀನ್ ಚಿಕಿತ್ಸೆಗಳು ಸಂಶೋಧನಾಲಯಗಳಲ್ಲಿ ಯಶಸ್ವಿಯಾಗಿದ್ದರೂ ದಿನನಿತ್ಯದ ಪಶುವೈದ್ಯಕ್ಕೆ ಇಳಿದಿಲ್ಲ. ತೀವ್ರ ಸಂಯುಕ್ತ ಕೊರತೆ ಖಚಿತವಾದ ಮರಿಗೆ ನೋವಿಲ್ಲದ ದಯಾಮರಣವೇ ಉಚಿತವೆಂಬುದು ಹೆಚ್ಚಿನ ವೈದ್ಯರ ನಿಲುವು. ಭಾಗಶಃ ಕೊರತೆಯ ಮರಿಗಳು ಸರಿಯಾದ ಆರೈಕೆಯಲ್ಲಿ ಬಹುಕಾಲ ಬದುಕಬಲ್ಲವು.

ಸೋಂಕಿಗೆ ಕೀವಿನ ಕಲ್ಚರ್ ಮಾಡಿಸಿ, ಹೊಂದುವ ಆ್ಯಂಟಿಬಯೋಟಿಕ್ಕನ್ನು ಪೂರ್ತಿ ಅವಧಿಗೆ ಕೊಡಬೇಕು. ಚರ್ಮದ ಆಳದ ಕೀವಿಗೆ ಹಲವು ವಾರಗಳ ಔಷಧ ಬೇಕಾಗುತ್ತದೆ. ಮೂರು ದಿನಕ್ಕೆ ಗಾಯ ಒಣಗಿತೆಂದು ನಿಲ್ಲಿಸಿದರೆ ಬಗ್ಗದ ಬ್ಯಾಕ್ಟೀರಿಯಾಗಳೇ ಉಳಿಯುತ್ತವೆ. ದೊಡ್ಡ ತಳಿಗಳಿಗೆ ವಿಶೇಷವಾದ ಎಚ್ಚರಿಕೆಗಳಿವೆ. ಎನ್ರೋಫ್ಲಾಕ್ಸಸಿನ್ ಬೆಳೆಯುವ ಕೀಲುಗಳ ಮೃದ್ವಸ್ಥಿಯನ್ನು ಕೆಡಿಸುವುದರಿಂದ ದೊಡ್ಡ ತಳಿಗಳಿಗೆ 12 ತಿಂಗಳು, ಗ್ರೇಟ್ ಡೇನ್‌ನಂಥ ಭಾರಿ ತಳಿಗಳಿಗೆ 18 ತಿಂಗಳು ತುಂಬುವವರೆಗೆ ಕೊಡುವುದಿಲ್ಲ. ಡಾಬರ್‌ಮನ್‌ಗಳಲ್ಲಿ ಸಲ್ಫಾ ಔಷಧಗಳು ಕೀಲೂತ, ಜ್ವರದಂಥ ವಿಪರೀತ ಪರಿಣಾಮ ತರುತ್ತವೆ. ಕೋಲಿ ಮತ್ತು ಅದರ ಬಳಗದ ತಳಿಗಳಿಗೆ ಕಜ್ಜಿಗೆ ಕೊಡುವ ದೊಡ್ಡ ಪ್ರಮಾಣದ ಐವರ್‌ಮೆಕ್ಟಿನ್ ಮೆದುಳಿಗೆ ವಿಷ.

ಪ್ರೆಡ್ನಿಸೊಲೋನ್ ವೈಮರಾನರ್ ಮರಿಯ ಮೂಳೆಯೂತವನ್ನೂ ಜುವೆನೈಲ್ ಸೆಲ್ಯುಲೈಟಿಸನ್ನೂ ಇಳಿಸುತ್ತದೆ. ಅದೇ ಔಷಧವನ್ನು ಡೆಮೊಡೆಕ್ಸ್ ಇರುವ ಮರಿಗೆ ತುರಿಕೆ ನಿಲ್ಲಲೆಂದು ಕೊಟ್ಟರೆ ಕಜ್ಜಿ ಮೈತುಂಬ ಹರಡುತ್ತದೆ. ಡೆಮೊಡೆಕ್ಸ್‌ಗೆ ಈಗ ಫ್ಲುರಲಾನರ್, ಅಫಾಕ್ಸೊಲಾನರ್, ಸರೊಲಾನರ್ ಮಾತ್ರೆಗಳು ಪರಿಣಾಮಕಾರಿ; ಇವು ಉಣ್ಣೆಯನ್ನೂ ಕೊಲ್ಲುತ್ತವೆ. ಕಜ್ಜಿಗೆ ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ಹಳ್ಳಿಗಳಲ್ಲಿ ಇನ್ನೂ ಇದೆ. ಅದು ನುಸಿಯ ಬುಡ ಮುಟ್ಟುವುದಿಲ್ಲ, ಚರ್ಮ ಸುಡುತ್ತದೆ, ನೆಕ್ಕಿದ ಮರಿಯ ಹೊಟ್ಟೆ ಸೇರಿ ವಿಷವಾಗುತ್ತದೆ. ಪ್ರತಿಕಾಯ ಕಡಿಮೆಯಿರುವ ಮರಿಗೆ ಆರೋಗ್ಯವಂತ ನಾಯಿಯ ಪ್ಲಾಸ್ಮಾ ಕೊಡುವುದು ತಾತ್ಕಾಲಿಕ ಆಸರೆ.

ಲಸಿಕೆಯ ವಿಷಯದಲ್ಲಿ ನಿಯಮ ಸ್ಪಷ್ಟ. ಸಾಮಾನ್ಯ ಮರಿಗೆ 6ರಿಂದ 8 ವಾರಕ್ಕೆ ಆರಂಭಿಸಿ, 2ರಿಂದ 4 ವಾರಗಳಿಗೊಮ್ಮೆ, 16 ವಾರ ದಾಟುವವರೆಗೆ ಪಾರ್ವೋ ಮತ್ತು ಡಿಸ್ಟೆಂಪರ್ ಲಸಿಕೆ ಹಾಕಿಸಬೇಕು. ತಾಯಿಯ ಪ್ರತಿಕಾಯ ಕೆಲವೊಮ್ಮೆ ಮೊದಲ ಲಸಿಕೆಗಳನ್ನು ವ್ಯರ್ಥ ಮಾಡುವುದರಿಂದ 16ನೇ ವಾರದ ನಂತರದ ಸೂಜಿಯನ್ನು ಬಿಡುವಂತಿಲ್ಲ. ತೀವ್ರ ಕೊರತೆಯ ಶಂಕೆಯಿರುವ ಮರಿಗೆ ಜೀವಂತ ವೈರಸ್ಸಿನ ಲಸಿಕೆ ಹಾಕಬಾರದು. ರೇಬೀಸ್ ಲಸಿಕೆ ಸತ್ತ ವೈರಸ್ಸಿನದಾದ್ದರಿಂದ ಆ ಅಪಾಯವಿಲ್ಲ.

ಶುಚಿತ್ವ ಚಿಕಿತ್ಸೆಯ ಅರ್ಧ ಭಾಗ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲನ್ನು ಅದರ ಮೇಲೆ ನಂಬುವಂತಿಲ್ಲ. ರೇಷ್ಮೆ ಹುಳು ಮನೆಗಳ ಸೋಂಕು ನಿವಾರಣೆಗೆ ರಾಮನಗರ ಸೀಮೆಯಲ್ಲಿ ಸದಾ ಇರುವ ಬ್ಲೀಚಿಂಗ್ ಪುಡಿಯ ದ್ರಾವಣ ಅದನ್ನು ಕೊಲ್ಲುತ್ತದೆ. ಮೊದಲು ಮಲ, ಕೊಳೆ ತೊಳೆದು, ಆಮೇಲೆ ದ್ರಾವಣ ಸುರಿದು ಕನಿಷ್ಠ ಹತ್ತು ನಿಮಿಷ ಬಿಡಬೇಕು. ಒಣಗಿ ವಾಸನೆ ಹೋಗುವವರೆಗೆ ಮರಿಯನ್ನು ಒಳಗೆ ಬಿಡಬಾರದು.

ತಡೆ

ಹೆಚ್ಚಿನ ದೋಷಗಳು ಅಪ್ರಬಲ ಜೀನಿನವು. ನೋಡಲು ಗಟ್ಟಿಮುಟ್ಟಾದ ಎರಡು ವಾಹಕಗಳನ್ನು ಕೂಡಿಸಿದರೆ ಸರಾಸರಿ ಶೇ. 25 ಮರಿಗಳು ರೋಗಿಗಳು, ಶೇ. 50 ವಾಹಕಗಳು, ಶೇ. 25 ದೋಷಮುಕ್ತ. ಪ್ರದರ್ಶನದಲ್ಲಿ ಗೆದ್ದ ಒಂದೇ ಗಂಡುನಾಯಿಯನ್ನು ಊರೂರಿಗೆ ಕೂಡಿಸುವುದು, ತಂದೆ ಮಗಳು, ಒಡಹುಟ್ಟಿದವುಗಳನ್ನು ಸೇರಿಸುವುದು ಇಂಥ ವಾಹಕಗಳನ್ನು ಎದುರುಬದುರು ತರುತ್ತದೆ. ಪೆಬ್ರಿನ್ ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆಂದು ತಿಳಿದ ರಾಮನಗರ ಸೀಮೆಯ ರೇಷ್ಮೆ ಬೆಳೆಗಾರರು ತಾಯಿ ಚಿಟ್ಟೆಯ ಪರೀಕ್ಷೆಯಾದ ರೋಗರಹಿತ ಮೊಟ್ಟೆಯನ್ನೇ ಕೇಳಿ ತರುವಂತೆ, ಮರಿ ಕೊಳ್ಳುವವರು ತಂದೆ ತಾಯಿಯ ಆರೋಗ್ಯದ ದಾಖಲೆ ಕೇಳಬೇಕು. ಕೆನಲ್ ಕ್ಲಬ್ ಆಫ್ ಇಂಡಿಯಾದ ವಂಶಾವಳಿ ಪತ್ರ ತಲೆಮಾರುಗಳ ಹೆಸರು ಹೇಳುತ್ತದೆ, ರೋಗದ ವಿಷಯ ಹೇಳುವುದಿಲ್ಲ. ಒಳಸಂಬಂಧ ತಪ್ಪಿಸುವ ನಿಯಮ ಕರ್ನಾಟಕದ್ದೇ ಆದ ಮುಧೋಳ ನಾಯಿಗೂ ಅಷ್ಟೇ ಅನ್ವಯ.

ಕೇಂದ್ರ ಸರ್ಕಾರದ 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, 8 ವಾರ ತುಂಬದ ಮರಿಯನ್ನು ಮಾರಬಾರದು, 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದು. 8 ವಾರದ ನಿಯಮ ಪಾಲನೆಯಾದರೆ ಘೋರ ಕೊರತೆಯ ಮರಿಗಳಲ್ಲಿ ಕೆಲವಾದರೂ ಹುಟ್ಟಿದ ಮನೆಯಲ್ಲೇ ಬೆಳಕಿಗೆ ಬರುತ್ತವೆ.

ರಾಮನಗರ ಸೀಮೆಯ ಸ್ಥಿತಿ

2007ರಲ್ಲಿ ರಚನೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಪಡೆದ ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ಪಶು ಆಸ್ಪತ್ರೆಗಳು ಮುಖ್ಯವಾಗಿ ಹಸು, ಕುರಿ, ಮೇಕೆಗಳಿಗಾಗಿ ಬೆಳೆದು ಬಂದವು. ರಾಜಧಾನಿಯಿಂದ ಹಬ್ಬಿದ ತೋಟದ ಮನೆಗಳು ಕನಕಪುರ, ಮಾಗಡಿ ರಸ್ತೆಗಳ ಉದ್ದಕ್ಕೂ ದೊಡ್ಡ ತಳಿಯ ಕಾವಲು ನಾಯಿಗಳನ್ನು ತಂದಿವೆ. ಕನಕಪುರ ರಸ್ತೆಯ ಕಡೆಯ ತರಳುವಿನಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ ನಾಯಿ ಸಂವರ್ಧನೆ ಮತ್ತು ತರಬೇತಿ ಶಾಲೆ ಇದೆ; ಬೆಲ್ಜಿಯನ್ ಮ್ಯಾಲಿನಾಯ್ ಮರಿಗಳನ್ನು ಅಲ್ಲೇ ಬೆಳೆಸಿ ತರಬೇತಿ ಕೊಡಲಾಗುತ್ತದೆ.

ಮೊದಲ ಹಂತದ ರಕ್ತ, ಮಲ, ಚರ್ಮ ಪರೀಕ್ಷೆಗಳನ್ನು ತಾಲ್ಲೂಕು ಮಟ್ಟದಲ್ಲೇ ಆರಂಭಿಸಬಹುದು. ಅದಕ್ಕಿಂತ ಮುಂದೆ ಹೋಗಬೇಕಾದ ಮರಿಗೆ ಹತ್ತಿರದ ಬೋಧನಾ ಆಸ್ಪತ್ರೆ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನದು. ಅದು ಈಗ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹೆಬ್ಬಾಳದಲ್ಲೇ 1925ರಲ್ಲಿ ಸ್ಥಾಪನೆಯಾದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕಗಳ ಸಂಸ್ಥೆಯೂ ಇದೆ. ಅಲ್ಲಿಗೆ ಹೋಗುವವರು ಮರಿಯ ಲಸಿಕೆ ಪುಸ್ತಕ, ಹಿಂದಿನ ರಕ್ತಪರೀಕ್ಷೆಗಳ ವರದಿ, ಒಡಹುಟ್ಟಿದ ಮರಿಗಳು ಹೇಗಿವೆ ಎಂಬ ಮಾಹಿತಿಯನ್ನು ಜೊತೆಗೆ ಒಯ್ಯಬೇಕು. ಕೊರತೆ ಖಚಿತವಾದ ಮರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಅದರ ತಂದೆ ತಾಯಿಯನ್ನು ಮತ್ತೆ ಕೂಡಿಸದಂತೆ ಮರಿ ಕೊಟ್ಟ ತಳಿಗಾರರಿಗೆ ವರದಿಯ ಪ್ರತಿಯೊಂದನ್ನು ತಲುಪಿಸಬೇಕು.